ಸತ್ತಾಯೀಸ್ ಅಂದರೆ ಇಪ್ಪತ್ತೇಳು

ನಮಸ್ಕಾರ ರೀ ಎಲ್ಲರಿಗೂ. ಇವತ್ತು ಹುಬ್ಬಳ್ಳಿಯ ನಮ್ಮ ಅಡುಗೆಮನೆಯಲ್ಲಿ ಗಿರಮಿಟ್. ಉಳ್ಳಾಗಡ್ಡಿ ಹೆಚ್ಚುವುದು ಕಾಣಿಸುತ್ತಲೇ ಇದೆ, ಅದನ್ನು ಬಿಡೋಣ. ಈ ಶೇಂಗಾದ ವಿಷಯ ಹೇಳಬೇಕು.

ನಿನ್ನೆ ದುರ್ಗದಬೈಲಿನಿಂದ ತಂದದ್ದು. ಎರಡು ಕಿಲೋ, 340 ರೂಪಾಯಿ. ಅಂಗಡಿ ಚಾಚಾನ ಕ್ಯೂಆರ್ ಸ್ಟಿಕ್ಕರ್ ಬಿಸಿಲಿಗೆ ಬೆಳ್ಳಗಾಗಿತ್ತು, ಸ್ಕ್ಯಾನ್ ಆಗಲೇ ಇಲ್ಲ. ಬಾಯಲ್ಲೇ ನಂಬರ್ ಹೇಳಿದರು. ಕೊನೆಯಲ್ಲಿ "ಸತ್ತಾಯೀಸ್" ಅಂದರು. ಕನ್ನಡದಲ್ಲಿ ಇಪ್ಪತ್ತು ಮೊದಲು, ಏಳು ಆಮೇಲೆ. ಹಿಂದಿಯಲ್ಲಿ ಏಳು ಮೊದಲು ಕಿವಿಗೆ ಬೀಳುತ್ತದೆ. ನನ್ನ ಬೆರಳು 7 ಒತ್ತಿತು, ಆಮೇಲೆ 2. ಮೇಲೆ ಯಾರದ್ದೋ ಹೆಸರು ಬಂದಿತ್ತು, ಓದದೆ ಪಿನ್ ಹಾಕಿಬಿಟ್ಟೆ.

"ರೊಕ್ಕ ಬಂದಿಲ್ಲ ನೋಡವಾ" ಅಂದರು ಚಾಚಾ. ಎದೆ ಧಸಕ್ ಅಂತು. ಆ ನಂಬರಿಗೆ ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಆ್ಯಪ್‌ನಲ್ಲಿ ದೂರು ಕೊಟ್ಟಿದ್ದೇನೆ. ಕೈಯಲ್ಲಿ ನಗದು ಇರಲಿಲ್ಲ. "ಇರ್ಲಿ, ತಗೊಂಡು ಹೋಗವಾ, ನಾಳಿ ಕೊಡುವಿಯಂತ" ಅಂದರು. ಬೆಳಿಗ್ಗೆ ಹೋಗಿ ಕೊಟ್ಟು ಬಂದೆ. ಅವರಿಗೆ ನಾನು ಯಾರು ಅಂತಲೂ ಗೊತ್ತಿಲ್ಲ ರೀ.

ರಾತ್ರಿ ನಿದ್ದೆ ಬರಲಿಲ್ಲ. ಈ ಬಿಸ್ಕತ್ತಿನ ಪಾಕೀಟು ನೋಡಿ, ಹತ್ತಿರ ತರುತ್ತೇನೆ. ಗೆರೆಗಳ ಕೆಳಗೆ 13 ಅಂಕಿ. ಕೊನೆಯದು ಬರೀ ಕಾವಲು ಕಾಯಲು, ಅಂದರೆ ಉಳಿದ ಅಂಕಿಗಳಲ್ಲಿ ತಪ್ಪಿದ್ದರೆ ಹಿಡಿಯಲು. ಮೊದಲ 12ರಲ್ಲಿ ಒಂದು ಬಿಟ್ಟು ಒಂದನ್ನು, ಅಂದರೆ ಎರಡನೆಯದು, ನಾಲ್ಕನೆಯದು ಹೀಗೆ, ಮೂರರಿಂದ ಗುಣಿಸಬೇಕು. ಎಲ್ಲಾ ಕೂಡಿಸಬೇಕು. ಇದರಲ್ಲಿ 113 ಬಂತು. ಕೊನೆಯ ಅಂಕಿ 7, ಸೇರಿಸಿದರೆ 120. ಹತ್ತರಿಂದ ಭಾಗವಾಗಬೇಕು, ಆಯಿತು. ಒಂದು ಅಂಕಿ ತಪ್ಪಿದರೂ ಸಿಕ್ಕಿಬೀಳುತ್ತದೆ. ಬಿಸ್ಕತ್ತಿಗೆ ಇಷ್ಟು ಕಾವಲು. ದುಡ್ಡು ಕಳಿಸುವ ನಮ್ಮ ಮೊಬೈಲ್ ನಂಬರಿನ ಹತ್ತು ಅಂಕಿಯಲ್ಲಿ ಕಾವಲಿಗೆ ಒಂದೂ ಇಲ್ಲ! ಇದು ದೊಡ್ಡ ತಪ್ಪು. ಇದೇ ಲೆಕ್ಕ ಫೋನಿಗೂ ಬರಬೇಕು.

ತಡೀರಿ, ಒಗ್ಗರಣೆ ಸೀದು ಹೋಗುತ್ತದೆ. ಹಾಂ, ಹುಣಸೆ ರಸ ಹಾಕಿದೆ.

ಇದೇ ಲೆಕ್ಕ ಬೇಡ. ನನ್ನ ತಪ್ಪನ್ನೇ ಹಾಕಿ ನೋಡಿದ್ದೆ, ಅದನ್ನು ಹೇಳಲೇಬೇಕು. 27ರಲ್ಲಿ 7ನ್ನು ಮೂರರಿಂದ ಗುಣಿಸಿದರೆ 21, ಅದಕ್ಕೆ 2 ಕೂಡಿಸಿದರೆ 23. ತಿರುಗಿಸಿದ 72ರಲ್ಲಿ 2ನ್ನು ಮೂರರಿಂದ ಗುಣಿಸಿದರೆ 6, ಅದಕ್ಕೆ 7 ಕೂಡಿಸಿದರೆ 13. ಎರಡರ ಕೊನೆಗೂ 3, ಅಂದರೆ ಕಾವಲಿನ ಅಂಕಿ ಎರಡಕ್ಕೂ ಒಂದೇ ಬರುತ್ತದೆ. ಪಕ್ಕಪಕ್ಕದ ಅಂಕಿಗಳ ನಡುವೆ ಐದರ ಅಂತರ ಇದ್ದರೆ, ಅದಲುಬದಲಾದದ್ದು ಈ ಲೆಕ್ಕಕ್ಕೆ ಕಾಣುವುದೇ ಇಲ್ಲ. ಈ ಕಾವಲಿದ್ದರೂ ನನ್ನ 340 ಹೋಗುತ್ತಿತ್ತು.

ಆಧಾರ್ ನಂಬರಿನದು ಇದಕ್ಕಿಂತ ಗಟ್ಟಿ. ಅದರ 12ನೇ ಅಂಕಿಗೆ ವರ್ಹೂಫ್ ಎಂಬ ಡಚ್ ಗಣಿತಜ್ಞರು 1969ರಲ್ಲಿ ಕೊಟ್ಟ ಲೆಕ್ಕ ಬಳಸುತ್ತಾರೆ. ಒಂದು ಅಂಕಿ ತಪ್ಪಿದರೂ ಹಿಡಿಯುತ್ತದೆ, ಪಕ್ಕದ ಎರಡು ಅದಲುಬದಲಾದರೂ ಹಿಡಿಯುತ್ತದೆ. ಐದರ ಅಂತರವಿದ್ದರೂ ಅಷ್ಟೇ. ಅದು ಬೇಕು ನಮಗೆ. ಹನ್ನೊಂದನೇ ಅಂಕಿ ನೆನಪಿಡಲು ನಾನಂತೂ ತಯಾರು.

ಅಯ್ಯೋ, ಚುರಮುರಿ ಹಾಕಿ ಎಷ್ಟು ಹೊತ್ತಾಯಿತು! ಪುಟಾಣಿ ಹಿಟ್ಟು, ಕೊತ್ತಂಬರಿ, ಮೇಲೆ ಚಾಚಾನ ಶೇಂಗಾ. ಮಿರ್ಚಿ ಆ ತಟ್ಟೆಯಲ್ಲಿದೆ. ಮೆತ್ತಗಾಗುವ ಮೊದಲು ತಿನ್ನಬೇಕು, ಕ್ಯಾಮೆರಾ ಬಂದ್ ಮಾಡ್ತೀನಿ ರೀ.