ಎಕ್ಸ್‌-ರೇ ಸರಿಯಿದೆ, ಮಗು ಮಾತ್ರ ಕಾಲೂರುತ್ತಿಲ್ಲ

ಕೇಳುಗರಿಗೆ ನಮಸ್ಕಾರ. ಮಗುವಿಗೆ ಜ್ವರ, ಮೊಣಕಾಲ ಹತ್ತಿರ ನೋವು, ಕಾಲೂರಲು ಒಲ್ಲದು. ಎಲ್ಲೋ ಬಿದ್ದಿರಬೇಕೆಂದು ಎಕ್ಸ್‌-ರೇ ತೆಗೆಸುತ್ತೀರಿ. ಏನೂ ಇಲ್ಲ ಎಂದು ವರದಿ ಬರುತ್ತದೆ. ಮೊದಲ ವಾರದಲ್ಲಿ ಆ ವರದಿಯನ್ನು ನೆಚ್ಚಿಕೊಂಡು ಮೂಳೆಯ ಸೋಂಕು ಇಲ್ಲವೆಂದು ಹೇಳಲಾಗದು.

ರಕ್ತದಲ್ಲಿ ಬಂದ ಬ್ಯಾಕ್ಟೀರಿಯಾ, ಹೆಚ್ಚಾಗಿ ಸ್ಟ್ಯಾಫಿಲೋಕಾಕಸ್, ಬೆಳೆಯುವ ಮೂಳೆಯ ತುದಿಯ ಬಳಿ, ರಕ್ತ ನಿಧಾನವಾಗಿ ಹರಿಯುವಲ್ಲಿ ನೆಲೆಯೂರುತ್ತದೆ. ತೊಡೆಮೂಳೆಯ ಕೆಳಭಾಗ, ಮೊಣಕಾಲ ಕೆಳಗಿನ ಮೂಳೆಯ ಮೇಲ್ಭಾಗ ಅದಕ್ಕೆ ಸುಲಭದ ಜಾಗಗಳು. ಮೂಳೆ ಕರಗಿದ್ದು ಎಕ್ಸ್‌-ರೇಯಲ್ಲಿ ಕಾಣಬೇಕಾದರೆ ಅಲ್ಲಿನ ಖನಿಜಾಂಶ ಶೇ. 30ರಿಂದ 50ರಷ್ಟು ಹೋಗಿರಬೇಕು. ಅಷ್ಟಾಗಲು 10ರಿಂದ 14 ದಿನ ಬೇಕು. ಅದಕ್ಕೂ ಮೊದಲು ಕಾಣುವುದು ಸುತ್ತಲಿನ ಮಾಂಸದ ಊತ ಮಾತ್ರ, ಅದೂ ಕಣ್ತಪ್ಪುತ್ತದೆ. ಆದರೂ ಎಕ್ಸ್‌-ರೇ ಬೇಕೇ ಬೇಕು: ಮುರಿತ, ಗಡ್ಡೆ ಮೊದಲು ಕಾಣುವುದು ಅದರಲ್ಲೇ.

ಅಲ್ಟ್ರಾಸೌಂಡಿಗೆ ಮೂಳೆಯ ಒಳಗು ಕಾಣದು. ಮೂಳೆಯ ಹೊದಿಕೆಯಡಿ ಸೇರಿದ ಕೀವು, ಸೊಂಟದ ಕೀಲಿನೊಳಗಿನ ನೀರು ಚೆನ್ನಾಗಿ ಕಾಣುತ್ತವೆ. ನೋಡುತ್ತಲೇ ಸೂಜಿ ಹಾಕಿ ತೆಗೆಯಲೂಬಹುದು.

ನಿಜವಾದ ಉತ್ತರ ಸಿಗುವುದು ಎಂಆರ್‌ಐಯಲ್ಲಿ. ಕೊಬ್ಬಿನ ಹೊಳಪು ಅಡಗಿಸಿದ ಚಿತ್ರದಲ್ಲಿ ಮೂಳೆಯೊಳಗಿನ ಮಜ್ಜೆಯ ಬಾವು ಮೊದಲ ಕೆಲವು ದಿನಗಳಲ್ಲೇ ಬೆಳ್ಳಗೆ ಹೊಳೆಯುತ್ತದೆ. ಕೀವಿನ ಗಡಿ ಗುರುತಿಸಲು ಚಿತ್ರವನ್ನು ಸ್ಪಷ್ಟಗೊಳಿಸುವ ಗ್ಯಾಡೊಲಿನಿಯಂ ಔಷಧಿಯ ಇಂಜೆಕ್ಷನ್ ನೆರವಾಗುತ್ತದೆ. ಸುಮಾರು ಒಂದೂವರೆ ವರ್ಷದೊಳಗಿನ ಕೂಸುಗಳಲ್ಲಿ ರಕ್ತನಾಳಗಳು ಬೆಳವಣಿಗೆಯ ತಟ್ಟೆಯನ್ನು, ಅಂದರೆ ಮೂಳೆ ಉದ್ದಕ್ಕೆ ಬೆಳೆಯುವ ತುದಿಯ ಮೆತ್ತನೆಯ ಪದರವನ್ನು, ದಾಟಿ ಹೋಗುವುದರಿಂದ ಸೋಂಕು ಕೀಲಿಗೂ ಇಳಿಯಬಹುದು. ಹಾಗಾಗಿ ಪಕ್ಕದ ಕೀಲೂ ಚಿತ್ರದೊಳಗೆ ಬರಲೇಬೇಕು. ನೋವು ಎಲ್ಲೆಂದು ಹೇಳಲಾರದ ಮಗುವಿಗೆ ಮೊಣಕಾಲನ್ನಷ್ಟೇ ಸ್ಕ್ಯಾನ್ ಮಾಡಿ ಸೊಂಟವನ್ನು ಬಿಟ್ಟರೆ ರೋಗ ಕೈತಪ್ಪುತ್ತದೆ.

ಅಲುಗಾಡಿದರೆ ಚಿತ್ರ ಕೆಡುತ್ತದೆ. ಎಳೆಗೂಸಿಗೆ ಹಾಲು ಕುಡಿಸಿ, ಬಟ್ಟೆ ಸುತ್ತಿ ಮಲಗಿಸಿದರೆ ಎಷ್ಟೋ ಸಲ ಅಷ್ಟೇ ಸಾಕು. ಅದಕ್ಕಿಂತ ದೊಡ್ಡ ಮಕ್ಕಳಿಗೆ ನಿದ್ರೆಯ ಔಷಧಿ ಬೇಕಾಗಬಹುದು. ಆಗ ಸಾಮಾನ್ಯವಾಗಿ 6 ಗಂಟೆ ಮೊದಲು ಊಟ, 4 ಗಂಟೆ ಮೊದಲು ಎದೆಹಾಲು ನಿಲ್ಲಿಸಬೇಕು. ಮನೆಯವರು ಮರುಕದಿಂದ ಕೊಟ್ಟ ಒಂದು ಬಿಸ್ಕತ್ತು ಸ್ಕ್ಯಾನನ್ನೇ ಮುಂದೂಡಿಸುತ್ತದೆ.

ಸ್ಕ್ಯಾನಿನ ಸರದಿಗಾಗಿ ಚಿಕಿತ್ಸೆ ಕಾಯಬಾರದು. ಮಗು ಸುಸ್ತಾಗಿದ್ದರೆ ರಕ್ತವನ್ನು ಕಲ್ಚರಿಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ತೆಗೆದು ಕೂಡಲೇ ಆ್ಯಂಟಿಬಯೋಟಿಕ್ ಶುರುಮಾಡುತ್ತಾರೆ. ಎಂಆರ್‌ಐ ಮರುದಿನವಾದರೂ ಮಜ್ಜೆಯ ಬದಲಾವಣೆ ಅಳಿಸಿಹೋಗಿರುವುದಿಲ್ಲ.

ಇನ್ನೊಂದು ಮಾತು: ರಕ್ತದ ಕ್ಯಾನ್ಸರ್, ಯೂಯಿಂಗ್ ಗಡ್ಡೆ ಎಂಬ ಮೂಳೆಯ ಕ್ಯಾನ್ಸರ್, ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯಲ್ಲಿ ರಕ್ತ ಸಿಗದೆ ಸತ್ತ ಮೂಳೆ, ಇವೂ ಸ್ಕ್ಯಾನಿನಲ್ಲಿ ಸೋಂಕಿನಂತೆಯೇ ತೋರಬಹುದು. ಅನುಮಾನವಿದ್ದರೆ ಸೂಜಿಯಲ್ಲಿ ತೆಗೆದ ಚೂರನ್ನು ಎರಡು ಪಾಲು ಮಾಡಿ, ಒಂದನ್ನು ಕಲ್ಚರಿಗೂ ಇನ್ನೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿಗೂ ಕಳಿಸಬೇಕು. ಕಲ್ಚರಿನ ಪಾಲು ಚೂರು ಕೆಡದಂತೆ ಇಡುವ ಫಾರ್ಮಲಿನ್ ದ್ರವಕ್ಕೆ ಬಿದ್ದರೆ ಅದರಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆಯದು.