ಕಾಲು ನೆಲ ಮುಟ್ಟದ ಕುರ್ಚಿ: ಚಿಕ್ಕ ಥೆರಪಿ ರೂಮಿನಲ್ಲಿ ಮಕ್ಕಳನ್ನು ಕೂರಿಸುವುದು ಹೇಗೆ?

[ಪರದೆ: ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಮಗುವಿನ ತೂಗಾಡುವ ಕಾಲು. ಮುಖ ತೋರಿಸುವುದು ಬೇಡ.]

ನಮಸ್ಕಾರ. ಈ ಕಾಲು ನೋಡಿ. ಮಾಮೂಲಿ ಪ್ಲಾಸ್ಟಿಕ್ ಕುರ್ಚಿಯ ಸೀಟು ನೆಲದಿಂದ ಸುಮಾರು ಒಂದೂವರೆ ಅಡಿ ಮೇಲಿರುತ್ತದೆ. ಆರು ವರ್ಷದ ಮಗುವಿನ ಮೊಣಕಾಲಿನಿಂದ ಪಾದದವರೆಗೆ ಅಳೆದರೆ ಒಂದು ಅಡಿ ಆಸುಪಾಸು. ಉಳಿದ ಅರ್ಧ ಅಡಿ ಗಾಳಿಯಲ್ಲಿ. ಹೀಗೆ ಕೂತ ಮಗು ಮುಂದಕ್ಕೆ ಜಾರುತ್ತದೆ, ಬೆನ್ನು ಬಾಗಿಸುತ್ತದೆ, ಒಂದು ಕಾಲು ಮಡಚಿ ಅದರ ಮೇಲೆ ಕೂರುತ್ತದೆ. ನಾವು "ಸುಮ್ನೆ ಕೂತ್ಕೋ" ಅಂತ ಗದರುತ್ತೇವೆ.

ಬೇರೆ ಬೇರೆ ರೀತಿ ಕೂರಲು ಮಕ್ಕಳಿಗೆ ಅವಕಾಶ ಕೊಡುವುದನ್ನು ಫ್ಲೆಕ್ಸಿಬಲ್ ಸೀಟಿಂಗ್ ಅಂತಾರೆ. ನೆಟ್‌ನಲ್ಲಿ ಹುಡುಕಿದರೆ ಬೀನ್ ಬ್ಯಾಗ್, ದೊಡ್ಡ ಚೆಂಡು, ಅಲುಗಾಡುವ ಸ್ಟೂಲ್ ಎಲ್ಲಾ ಬರುತ್ತವೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹತ್ತಡಿ ಅಗಲದ ರೂಮಿನಲ್ಲಿ ಮಕ್ಕಳಿಗೆ ಕಲಿಸುವವರಿಗೆ ನಾನು ಹೇಳುವುದು ಇಷ್ಟೇ: ಅವನ್ನೆಲ್ಲ ಕೊಳ್ಳುವ ಮೊದಲು ಕಾಲಿನ ಕೆಳಗೆ ಏನಾದರೂ ಇಡಿ.

[ಪರದೆ: ಅಳತೆ ಟೇಪು, ಮಣೆ, ಕಟ್ಟಿದ ಪೇಪರ್ ಕಟ್ಟು]

ಮಣೆ ಇಡಬಹುದು. ಹಳೇ ಪೇಪರ್‌ಗಳನ್ನು ಬಿಗಿಯಾಗಿ ಕಟ್ಟಿ, ಮೇಲೆ ಟೇಪ್ ಸುತ್ತಿ ಇಟ್ಟರೂ ಸಾಕು. ಪಾದ ಪೂರ್ತಿ ಊರಬೇಕು. ಸೊಂಟ, ಮೊಣಕಾಲು, ಪಾದದ ಗಂಟು ಮೂರೂ ಹೆಚ್ಚುಕಮ್ಮಿ 90 ಡಿಗ್ರಿಯಲ್ಲಿರಬೇಕು. ಟೇಬಲ್ ಮೊಣಕೈ ಮಟ್ಟಕ್ಕೆ ಬರಬೇಕು. ಇಷ್ಟಾದರೆ ಕೆಲವು ಮಕ್ಕಳ ಚಡಪಡಿಕೆ ಅಲ್ಲೇ ಕಡಿಮೆಯಾಗುತ್ತದೆ.

ಪುಟ್ಟ ಸ್ಟೂಲ್ ಬೇಕಾ? ಕೋಲಾರದಲ್ಲಿ ಟೊಮೆಟೊ ಕ್ರೇಟಿಗೆ ಬರವೇ! ಬೋರಲು ಹಾಕಿದರೆ ಅದು ಸುಮಾರು ಒಂದು ಅಡಿ ಎತ್ತರ. ಮೇಲೆ ಗೋಣಿಚೀಲ ಮಡಚಿ ಕಟ್ಟಿ. ಮೊದಲು ಸೋಪು ಹಾಕಿ ಚೆನ್ನಾಗಿ ತೊಳೆಯಿರಿ, ಔಷಧಿ ಹೊಡೆದ ಹಣ್ಣು ತುಂಬಿದ್ದ ಕ್ರೇಟು ಅದು. ಬಿರುಕು ಬಿಟ್ಟದ್ದು ಬೇಡ. ಕೆಲಸ ಮುಗಿದ ಮೇಲೆ ಒಂದರ ಮೇಲೊಂದು ಪೇರಿಸಿಡಬಹುದು. ಚಿಕ್ಕ ರೂಮಿಗೆ ಖಾಲಿ ನೆಲಕ್ಕಿಂತ ದೊಡ್ಡ ಸಲಕರಣೆ ಇಲ್ಲ.

ಕಾಲು ಆಡಿಸುತ್ತಲೇ ಇರುವ ಮಗುವಿಗೆ ಹಳೇ ಸೈಕಲ್ ಟ್ಯೂಬ್. ಕುರ್ಚಿಯ ಮುಂದಿನ ಎರಡು ಕಾಲಿಗೆ ಎಳೆದು ಕಟ್ಟಿ. ಮಗು ಪಾದದಿಂದ ಒತ್ತುತ್ತಾ, ತಳ್ಳುತ್ತಾ ಇರುತ್ತದೆ. ಸ್ನಾಯುಗಳಿಗೆ ಬೇಕಾದ ಕೆಲಸ ಸಿಗುತ್ತದೆ, ಸದ್ದೂ ಇಲ್ಲ.

[ಪರದೆ: ಥೆರಪಿ ಚೆಂಡು]

ಚೆಂಡಿನ ವಿಷಯಕ್ಕೆ ಬರೋಣ. 2003ರಲ್ಲಿ ಅಮೆರಿಕದಲ್ಲಿ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಡಪಡಿಕೆಯ ತೊಂದರೆ ಇರುವ ನಾಲ್ಕನೇ ತರಗತಿ ಮಕ್ಕಳನ್ನು ಚೆಂಡಿನ ಮೇಲೆ ಕೂರಿಸಿ ನೋಡಿದರು. ಕೂತ ಜಾಗದಲ್ಲಿ ಇರುವುದು ಜಾಸ್ತಿ ಆಯ್ತು, ಓದಲು ಬರುವಂತೆ ಬರೆದ ಪದಗಳೂ ಜಾಸ್ತಿ ಆದವು. ಆದರೆ ನೋಡಿದ್ದು ಮೂರೇ ಮಕ್ಕಳನ್ನು. ಹಾಗಾಗಿ ಎಲ್ಲರಿಗೂ ಚೆಂಡು ಅನ್ನುವ ಮಾತು ನಾನು ಒಪ್ಪಲ್ಲ. ಚಿಕ್ಕ ರೂಮಿನಲ್ಲಿ ಅದು ಉರುಳಾಡಿಕೊಂಡು ತಲೆನೋವು ಬೇರೆ. ಕುರ್ಚಿ ಮೇಲೆಯೇ ಇಡುವ ಗಾಳಿ ಕುಶನ್ ನನಗೆ ಹೆಚ್ಚು ಇಷ್ಟ. ಬ್ಯಾಗಿನಲ್ಲಿ ಹಾಕಿಕೊಂಡು ಬಸ್ಸಲ್ಲೂ ಒಯ್ಯಬಹುದು. ಗಾಳಿ ಸ್ವಲ್ಪವೇ ತುಂಬಿ. ಬೀನ್ ಬ್ಯಾಗ್ ಕಥೆ ಕೇಳಲು ಚೆನ್ನ, ಬರವಣಿಗೆಗೆ ಅಲ್ಲ. ಅದರಲ್ಲಿ ಮಗು ಹುದುಗಿಹೋಗುತ್ತದೆ.

ಕೂರಲೇಬೇಕು ಅಂತಾನೂ ಇಲ್ಲ, ಅಲ್ವಾ? ಗೋಡೆಗೆ ಹಾಳೆ ಅಂಟಿಸಿ ನಿಂತು ಬರೆಯಲಿ. ಚಾಪೆ ಮೇಲೆ ಬೋರಲು ಮಲಗಿ ಓದಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಕ್ಕಳು ಗುಂಪಿನಿಂದ ಗುಂಪಿಗೆ ಹೋಗಿ ಕೂರುತ್ತಾರೆ. ಅಂದರೆ ಇದು ನಮ್ಮ ಶಾಲೆಗಳಿಗೆ ಹೊಸದೇನಲ್ಲ. ಮಾತಿನ ಥೆರಪಿ ಮಾಡುವವರು ಮಾತ್ರ ಒಂದು ಗಮನಿಸಿ: ಮಗು ಕುರ್ಚಿಯಲ್ಲಿದ್ದರೆ ನೀವು ಮಣೆ ಮೇಲೆ ಕೂರಿ. ನಿಮ್ಮ ಬಾಯಿ ಮಗುವಿನ ಕಣ್ಣಿಗೆ ನೇರ ಕಾಣಬೇಕು.

ಒಂದೇ ಸಲ ಐದು ಬಗೆ ಇಡಬೇಡಿ. ಎರಡು ಇಡಿ, ಮಗುವೇ ಆರಿಸಲಿ. ಗಲಾಟೆ ಮಾಡಿದ ಅಂತ ಕುಶನ್ ಕಿತ್ತುಕೊಳ್ಳಬೇಡಿ. ಅದು ಬಹುಮಾನ ಅಲ್ಲ, ಕನ್ನಡಕದ ಹಾಗೆ.

[ಪರದೆ: ಎಚ್ಚರಿಕೆ]

ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಕೈ ಚಲನೆಯ ಹಿಡಿತ ತಪ್ಪುವ ಸ್ಥಿತಿ) ಇರುವ ಮಕ್ಕಳಿಗೆ ಈ ಅಲುಗಾಡುವ ಸೀಟುಗಳನ್ನು ನೀವೇ ಪ್ರಯೋಗ ಮಾಡಬೇಡಿ. ಅವರಿಗೆ ಮೈಗೆ ಆಧಾರ ಕೊಡುವ ಕುರ್ಚಿ ಬೇಕಾಗಬಹುದು. ಫಿಸಿಯೋಥೆರಪಿಸ್ಟ್ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮಾಡಲು ತರಬೇತಿ ಕೊಡುವವರು) ಅಳತೆ ತೆಗೆದೇ ಹೇಳಬೇಕು. ಫಿಟ್ಸ್ ಬರುವ ಮಕ್ಕಳಿಗೆ ಬೆನ್ನಾಸರೆ ಇಲ್ಲದ ಚೆಂಡು, ಸ್ಟೂಲ್ ಬೇಡ. ಸರ್ಕಾರಿ ಶಾಲೆಯ ಮಕ್ಕಳಾದರೆ ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ವಿಶೇಷ ಶಿಕ್ಷಕರನ್ನು ಕೇಳಿ. ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಹೇಳುತ್ತದೆ.

ಮಕ್ಕಳು ಬೇಗ ಬೆಳೀತಾರೆ. ಜೂನ್‌ನಲ್ಲಿ ಶಾಲೆ ತೆರೆದಾಗ ಮತ್ತೆ ಟೇಪ್ ಹಿಡಿಯಿರಿ, ಪೇಪರ್ ಕಟ್ಟಿನಿಂದ ಒಂದೆರಡು ಪದರ ತೆಗೆಯಬೇಕಾಗುತ್ತದೆ.