ಕತ್ತಿಗೆ ಹದವೇ ಜೀವ

ಕೇಳುಗರೆಲ್ಲರಿಗೂ ನಮಸ್ಕಾರ.

ಸಿನಿಮಾದಲ್ಲಿ ಹಳೇ ಕಾಲದ ಕತ್ತಿ ಎತ್ತಬೇಕಾದರೆ ನಾಯಕ ತಿಣುಕಾಡುತ್ತಾನೆ, ಅಲ್ವಾ? ದಯವಿಟ್ಟು ಅದನ್ನು ಮರೆತುಬಿಡಿ. ಸಾವಿರ ವರ್ಷಗಳ ಹಿಂದೆ ಯುರೋಪಿನ ಉತ್ತರದ ಕಡಲುಗಳ್ಳರು, ಅಂದರೆ ವೈಕಿಂಗರು, ಹಿಡಿಯುತ್ತಿದ್ದ ಕತ್ತಿ ಒಂದೇ ಕೈಯಲ್ಲಿ ಬೀಸುವಂಥದ್ದು. ಉದ್ದ ಸುಮಾರು 90 ಸೆಂಟಿಮೀಟರ್, ತೂಕ ಒಂದು ಕಿಲೋ ಚಿಲ್ಲರೆ. ಅಲಗಿನ ನಡುವೆ ತೋಡು ಇರುತ್ತದೆ. ರಕ್ತ ಹರಿಯಲಿ ಅಂತ ಅಲ್ಲ, ಭಾರ ಇಳಿಸಲಿಕ್ಕೆ.

ಇವತ್ತು ನಾನು ಹೇಳುವುದು ಒಂದೇ ಮಾತು. ಹದ. ತೀರಾ ಗಡುಸಾದರೆ ಕತ್ತಿ ಮುರಿಯುತ್ತದೆ, ತೀರಾ ಮೆದುವಾದರೆ ಬಾಗುತ್ತದೆ.

ಯುರೋಪಿನ ಅಂದಿನ ಕಮ್ಮಾರ ತಿದಿ ಎಷ್ಟೇ ಒತ್ತಲಿ, ಕಬ್ಬಿಣ ನೀರಾಗುತ್ತಿರಲಿಲ್ಲ. ಅದಕ್ಕೆ 1538 ಡಿಗ್ರಿ ಶಾಖ ಬೇಕು. ಅವನಿಗೆ ಸಿಗುತ್ತಿದ್ದದ್ದು ಕಿಟ್ಟ, ಅಂದರೆ ಅದಿರಿನ ಕಸ, ಬೆರೆತ ಮುದ್ದೆ. ಕಾಯಿಸಿ ಬಡಿದು, ಮತ್ತೆ ಕಾಯಿಸಿ ಬಡಿದು ಕಿಟ್ಟ ಹೊರಗೆ ಹಾಕಬೇಕು. ಆಮೇಲೆ ಬೇರೆ ಬೇರೆ ಗುಣದ ಸರಳುಗಳನ್ನು ಹಗ್ಗದ ಹಾಗೆ ಹೊಸೆದು, ಬಡಿದು ಬೆಸೆದರೆ ಅಲಗಿನ ನಡುಭಾಗ. ಅಂಚಿಗೆ ಗಡುಸು ಉಕ್ಕು. 1939ರಲ್ಲಿ ಇಂಗ್ಲೆಂಡಿನ ಸಟನ್ ಹೂ ಅನ್ನುವಲ್ಲಿ ಹಳೇ ಸಮಾಧಿಯೊಳಗೆ ಸಿಕ್ಕ ಕತ್ತಿ ತುಕ್ಕು ಹಿಡಿದು ಒರೆಗೇ ಅಂಟಿಕೊಂಡಿದೆ. ಎಕ್ಸ್‌ರೇ ತೆಗೆದರೆ ಹೊಸೆದ ಗೆರೆಗಳು ಕಾಣುತ್ತವೆ.

ಹದ ತಪ್ಪಿದರೆ ಏನಾಗುತ್ತದೆ? ಐಸ್‌ಲ್ಯಾಂಡಿನ ಹಳೇ ವೀರಗಾಥೆ ಲಾಕ್ಸ್‌ಡೇಲಾ ಸಾಗಾದಲ್ಲಿ ಕ್ಯಾರ್ತಾನ್ ಅಂತ ಒಬ್ಬ ವೀರ. ನಾರ್ವೆಯ ರಾಜ ಓಲಾಫ್ ಅವನಿಗೆ ಒಂದು ಅಪರೂಪದ ಕತ್ತಿ ಕೊಟ್ಟಿದ್ದ. ಕ್ಯಾರ್ತಾನ್ ಊರಿಗೆ ಬರುವಷ್ಟರಲ್ಲಿ ಅವನು ಮೆಚ್ಚಿದ ಗುದ್ರೂನ್, ಅವನ ಜೊತೆಯಲ್ಲೇ ಬೆಳೆದ ಬೊಲ್ಲಿಯನ್ನು ಮದುವೆಯಾಗಿದ್ದಳು. ಅಲ್ಲಿಂದ ಹಗೆ ಶುರು. ಒಂದು ಔತಣದಲ್ಲಿ ಆ ಕತ್ತಿಯನ್ನೇ ಕದ್ದರು. ಹುಡುಕಿದಾಗ ಜೌಗಿನಲ್ಲಿ ಸಿಕ್ಕಿತು, ಒರೆ ಮಾತ್ರ ಸಿಗಲೇ ಇಲ್ಲ. ಕ್ಯಾರ್ತಾನನಿಗೆ ಬೇಜಾರಾಯಿತು. ಕತ್ತಿಯನ್ನು ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟ. ಕೊನೆಗೆ ದಾರಿಯಲ್ಲಿ ಹೊಂಚು ಹಾಕಿದವರು ಮೇಲೆ ಬಿದ್ದಾಗ ಕೈಯಲ್ಲಿದ್ದದ್ದು ಬೇರೆ ಕತ್ತಿ. ಹೊಡೆದ ಹಾಗೆಲ್ಲ ಬಾಗುತ್ತದೆ! ನಡುನಡುವೆ ಕಾಲ ಕೆಳಗೆ ಹಾಕಿ ನೆಟ್ಟಗೆ ಮಾಡಿಕೊಂಡು ಮತ್ತೆ ಹೊಡೆಯುತ್ತಾನೆ. ಯೋಚನೆ ಮಾಡಿ, ಎದುರಿಗೆ ಶತ್ರು, ಇವನು ಕತ್ತಿ ತುಳಿಯುತ್ತಿದ್ದಾನೆ. ಕಡೆಗೆ ಬೊಲ್ಲಿಯ ಕೈಯಲ್ಲೇ ಸತ್ತ. ಓದಿದವರೆಲ್ಲ ಆ ಪ್ರೇಮದ ಬಗ್ಗೆಯೇ ಮಾತಾಡುತ್ತಾರೆ. ನನಗೆ ಮಾತ್ರ ಆ ಹದಗೆಟ್ಟ ಕತ್ತಿಯದೇ ಚಿಂತೆ.

ಅಯ್ಯೋ, ಸಮಯ ಮುಗಿಯುತ್ತಾ ಬಂತು. ಬೇಗ ಹೇಳಿಬಿಡುತ್ತೇನೆ. ಉಲ್ಫ್‌ಬೆರ್ಟ್ ಅನ್ನುವ ಹೆಸರನ್ನು ಅಲಗಿನಲ್ಲೇ ಕೂರಿಸಿದ ಕತ್ತಿಗಳಿವೆ. ಫ್ರಾಂಕರ ನಾಡಿನವು, ಅಂದರೆ ಇಂದಿನ ಫ್ರಾನ್ಸ್, ಜರ್ಮನಿ ಕಡೆಯವು. ಅಕ್ಷರ ತಪ್ಪಿರುವ ನಕಲಿಗಳೂ ಬೇಕಾದಷ್ಟಿವೆ. ವೈಕಿಂಗರಿಗೆ ಆಯುಧ ಮಾರಿದರೆ ಮರಣದಂಡನೆ ಅಂತ 864ರಲ್ಲಿ ಫ್ರಾಂಕರ ರಾಜ ಬೋಳುತಲೆ ಚಾರ್ಲ್ಸ್ ಆಜ್ಞೆ ಹೊರಡಿಸಿದ್ದ. ಉಲ್ಫ್‌ಬೆರ್ಟ್ ಕತ್ತಿಗಳಲ್ಲಿ ಕೆಲವದರ ಉಕ್ಕಿನಲ್ಲಿ ಇಂಗಾಲ ಜಾಸ್ತಿ, ಕಿಟ್ಟ ಬಹಳ ಕಡಿಮೆ. ಮೂಸೆಯಲ್ಲಿ ಕರಗಿಸಿದ ಉಕ್ಕಿನ ಲಕ್ಷಣ ಅದು.

ಮೂಸೆಯ ಉಕ್ಕು ಅಂದರೆ ನಮ್ಮ ಕಡೆಯದೂ ಹೌದು. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ಚೂರು, ತಂಗಡಿ ಗಿಡದ ಕಡ್ಡಿ ಹಾಕಿ, ಬಾಯಿ ಮೆತ್ತಿ ಕಾಯಿಸುತ್ತಿದ್ದರು. ಇಂಗಾಲ ಹಿಡಿದ ಕಬ್ಬಿಣ ಬೇಗ ಕರಗುತ್ತದೆ, ಕಿಟ್ಟ ಮೇಲೆ ತೇಲುತ್ತದೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅದನ್ನು ಹೇಳೋಕೆ ಇನ್ನೊಂದು ಭಾಷಣವೇ ಬೇಕು. ಬಾನುಲಿ ಕೇಂದ್ರದವರು ಕರೆದರೆ ಖಂಡಿತ ಬರುತ್ತೇನೆ. ನಮಸ್ಕಾರ.